ಕಡತಕ್ಕೊಂದು ವಿಳಾಸ
(ಖಾರಘರದ ಕನ್ನಡಿಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಗಣಕಯಂತ್ರವನ್ನು ಹೊಸದಾಗಿ ಬಳಸತೊಡಗಿದವರಿಗೆ ಅದರಲ್ಲಿ ಕಡತಗಳನ್ನು ಜೋಡಿಸಿಡುವ ಬಗೆಯನ್ನು ತಿಳಿಸಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ವಿಷಯ ಸಣ್ಣದೆಂದು ತೋರಬಹುದು. ಆದರೆ ಹೊರನಾಡಿನ ಸಂಘಗಳ ಇತಿಹಾಸ ಬಹುಮಟ್ಟಿಗೆ ಕಾರ್ಯದರ್ಶಿಗಳ ಮನೆಗಳಲ್ಲಿಯೇ ಉಳಿದಿರುತ್ತದೆ. ಒಂದು ಕಾಲಕ್ಕೆ ಅದು ಅವರ ಕಪಾಟಿನಲ್ಲಿತ್ತು, ಈಗ ಗಣಕದಲ್ಲಿದೆ. ಕಪಾಟಿನ ಕಾಗದವನ್ನು ಮಗನೋ ಸೊಸೆಯೋ ಬಿಚ್ಚಿ ನೋಡಿಯಾರು. ‘ಹೊಸ ಫೋಲ್ಡರ್ 2’ ಎಂಬುದರೊಳಗೆ ಮಹಾಸಭೆಯ ನಡಾವಳಿ ಇದೆಯೆಂದು ಯಾರು ಊಹಿಸಬೇಕು?

‘ಕಡತ’ ನಮ್ಮ ಹಳೆಯ ಪದ. ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದ ಬಟ್ಟೆಯನ್ನು ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕಪತ್ರ ಬರೆದಿಡುತ್ತಿದ್ದ ಪುಸ್ತಕಕ್ಕೆ ಆ ಹೆಸರು. ಶೃಂಗೇರಿ ಮಠದಲ್ಲಿ ಅಂತಹ ಕಡತಗಳು ಉಳಿದುಬಂದಿವೆ. ಅವು ಉಳಿದದ್ದು ಬಟ್ಟೆಯ ಗಟ್ಟಿತನದಿಂದ ಮಾತ್ರವಲ್ಲ, ಇಡಲು ಒಂದು ನೆಲೆ ಇದ್ದುದರಿಂದ.

ಆ ನೆಲೆ ಹೇಗಿರಬೇಕು? 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಯೋಜಿಸಿದ ಈ ಖಾರಘರವನ್ನೇ ನೋಡಿ. ಮೊದಲು ಸೆಕ್ಟರು, ಅದರೊಳಗೆ ಪ್ಲಾಟು, ಅದರಲ್ಲಿ ಕಟ್ಟಡ, ಕೊನೆಗೆ ಮನೆ. ಫೋಲ್ಡರುಗಳ ವ್ಯವಸ್ಥೆಯೂ ಇದೇ. ‘ಸಂಘ’ ಎಂಬುದರೊಳಗೆ ‘ನಡಾವಳಿ’, ‘ಲೆಕ್ಕಪತ್ರ’, ‘ಛಾಯಾಚಿತ್ರ’, ಅವುಗಳೊಳಗೆ ವರ್ಷ. ‘ಮನೆ’ ಎಂಬುದರೊಳಗೆ ‘ವಿಮೆ’, ‘ಫ್ಲ್ಯಾಟು’, ‘ಊರಿನ ಜಮೀನು’. ಮೂರು ಮೆಟ್ಟಿಲು ಸಾಕು. ಹೆಚ್ಚಾದರೆ ಇಟ್ಟವರೇ ದಾರಿ ತಪ್ಪುತ್ತಾರೆ. ಮೌಸಿನ ಬಲಗುಂಡಿ ಒತ್ತಿದರೆ ಹೊಸ ಫೋಲ್ಡರ್ ಮಾಡುವ, ಹೆಸರು ಬದಲಿಸುವ ಆಯ್ಕೆಗಳು ದೊರೆಯುತ್ತವೆ. ಡೆಸ್ಕ್‌ಟಾಪ್ ಮನೆಯ ಜಗುಲಿಯಿದ್ದಂತೆ: ಬಂದದ್ದು ಅಲ್ಲಿ ಕೂರಲಿ, ಆದರೆ ವಾರಕ್ಕೊಮ್ಮೆ ಒಳಗೆ ಹೋಗಲಿ.

ಕಡತದ ಹೆಸರಿನಲ್ಲಿ ಮೊದಲು ವರ್ಷ, ಬಳಿಕ ತಿಂಗಳು, ದಿನ, ಆಮೇಲೆ ವಿಷಯ: ‘2024-11-01 ರಾಜ್ಯೋತ್ಸವ ಆಮಂತ್ರಣ’. ಹೀಗೆ ಬರೆದರೆ ಗಣಕವೇ ಕಾಲಾನುಕ್ರಮದಲ್ಲಿ ಸಾಲುಗೂಡಿಸುತ್ತದೆ. ದಿನವನ್ನು ಮೊದಲು ಬರೆದರೆ ಎಲ್ಲ ವರ್ಷಗಳ ಒಂದನೆಯ ತಾರೀಖುಗಳು ಒಂದೆಡೆ ಗುಂಪುಗೂಡುತ್ತವೆ. ತಾರೀಖಿನ ನಡುವೆ ಓರೆಗೆರೆ ಹಾಕಬೇಡಿ. ಕಡತದ ಹೆಸರಿನಲ್ಲಿ ವಿಂಡೋಸ್ ಅದನ್ನು ಒಪ್ಪುವುದಿಲ್ಲ.

ವಿಷಯವನ್ನು ಕನ್ನಡದಲ್ಲಿಯೇ ಬರೆಯಿರಿ. ಕನ್ನಡ ಓದಲು ಬಾರದ ಮೊಮ್ಮಗಳು ಅಂಕಿಗಳನ್ನು ಹಿಡಿದು ಕಡತದವರೆಗೆ ಬಂದಾಳು. ಅಲ್ಲಿ ನಾಲ್ಕು ಕನ್ನಡ ಅಕ್ಷರಗಳನ್ನಾದರೂ ಕಂಡಾಳು.

ಹಳೆಯ ಕಡತಗಳ ಮಾತು ಬೇರೆ. ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದದ್ದು, ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೋರುತ್ತದೆ. ಕನ್ನಡದ ಪದ ಕೊಟ್ಟು ಹುಡುಕಿದರೂ ಸಿಕ್ಕದು. ಕನ್ನಡ ಲಿಪಿಗೆ 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿದೆ. ಹಳೆಯ ಸ್ಮರಣಸಂಚಿಕೆಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತನ್ನಿ. ಮೂಲ ಪ್ರತಿಯನ್ನು ಅಳಿಸದಿರಿ.

ಕೊನೆಯದಾಗಿ, ಒಂದೇ ಪ್ರತಿಯನ್ನು ನಂಬಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ಮುಂಬಯಿಯವರು ಮರೆತಿಲ್ಲ. ಗಣಕದಲ್ಲೊಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲೊಂದು, ಊರಿನ ಮನೆಯಲ್ಲೊಂದು ಪ್ರತಿ ಇರಲಿ. ಯಾವುದು ಎಲ್ಲಿದೆಯೆಂದು ಮನೆಯ ಇನ್ನೊಬ್ಬರಿಗೆ ತಿಳಿದಿರಲಿ. ನಮ್ಮ ನಂತರ ಬರುವವರು ನಮ್ಮನ್ನು ಕೇಳದೆಯೇ ಹುಡುಕಿಕೊಳ್ಳುವಂತಿದ್ದರೆ, ಜೋಡಣೆ ಸರಿಯಾಗಿದೆಯೆಂದು ತಿಳಿಯಬಹುದು.