ಕರುಳಿನ ಗೋಡೆ ಮತ್ತು ಮಲ: ಒಂದೇ ದೇಹದ ಎರಡು ಬ್ಯಾಕ್ಟೀರಿಯಾ ಸಮುದಾಯಗಳು

ಮನುಷ್ಯನ ಕರುಳಿನ ಬ್ಯಾಕ್ಟೀರಿಯಾಗಳ ಬಗ್ಗೆ ಇಂದು ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ಮಲದ ಪರೀಕ್ಷೆಯಿಂದ ಬಂದದ್ದು. ಮಲದ ಮಾದರಿ ಸುಲಭವಾಗಿ ಸಿಗುತ್ತದೆ. ಒಬ್ಬರಿಂದಲೇ ಮತ್ತೆ ಮತ್ತೆ ಪಡೆಯಬಹುದು. ಅದರ ಒಂದು ಗ್ರಾಮಿನಲ್ಲಿ ಸುಮಾರು ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಆದರೆ ಕರುಳಿನ ಬ್ಯಾಕ್ಟೀರಿಯಾಗಳಿಗೂ ದೇಹದ ರೋಗನಿರೋಧಕ ವ್ಯವಸ್ಥೆಗೂ ಅತಿ ನಿಕಟ ಸಂಪರ್ಕ ಏರ್ಪಡುವುದು ಕರುಳಿನ ಗೋಡೆಯ ಬಳಿ. ಹೊಳೆಯ ನೀರಿನಲ್ಲಿ ತೇಲಿಬರುವ ಜೀವಿಗಳು ಬೇರೆ, ದಡದ ಕಲ್ಲಿಗೆ ಅಂಟಿ ಬೆಳೆದವು ಬೇರೆ. ಕರುಳಿನಲ್ಲೂ ಹಾಗೆಯೇ. ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಂಡು, ಯಾವ ಪ್ರಶ್ನೆಗೆ ಯಾವ ಮಾದರಿ ತಕ್ಕದ್ದೆಂದು ನಿರ್ಧರಿಸುವುದೇ ಈ ಬರಹದ ಆಶಯ.

ವ್ಯತ್ಯಾಸದ ಮೊದಲ ಕಾರಣ ಲೋಳೆ. ದೊಡ್ಡ ಕರುಳಿನ ಒಳಪದರದಲ್ಲಿರುವ ಗಾಬ್ಲೆಟ್ ಕೋಶಗಳು ಮ್ಯೂಸಿನ್ ಎಂಬ, ಸಕ್ಕರೆಯ ಸರಪಳಿಗಳನ್ನು ಹೊತ್ತ ಪ್ರೋಟೀನನ್ನು ಸ್ರವಿಸುತ್ತವೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಗುನ್ನಾರ್ ಹ್ಯಾನ್ಸನ್ ಮತ್ತು ಸಂಗಡಿಗರು 2008ರಲ್ಲಿ ಇಲಿಗಳ ದೊಡ್ಡ ಕರುಳಿನಲ್ಲಿ ಈ ಲೋಳೆಗೆ ಎರಡು ಪದರಗಳಿರುವುದನ್ನು ತೋರಿಸಿದರು. ಗೋಡೆಗೆ ಅಂಟಿದ ಒಳಪದರ ದಟ್ಟವಾಗಿದ್ದು, ಅದರಲ್ಲಿ ಬ್ಯಾಕ್ಟೀರಿಯಾ ಇಲ್ಲವೆನ್ನುವಷ್ಟು ಕಡಿಮೆ. ಹೊರಪದರ ಸಡಿಲವಾಗಿದ್ದು, ಬ್ಯಾಕ್ಟೀರಿಯಾಗಳು ನೆಲೆಸುವುದು ಅಲ್ಲಿ. ಮಕ್2 ಎಂಬ ಮ್ಯೂಸಿನ್ ಇಲ್ಲದ ಇಲಿಗಳಲ್ಲಿ ಬ್ಯಾಕ್ಟೀರಿಯಾಗಳು ನೇರವಾಗಿ ಜೀವಕೋಶಗಳನ್ನು ಮುಟ್ಟುತ್ತವೆ. ಕರುಳು ಉರಿಯೂತಕ್ಕೆ ತುತ್ತಾಗುತ್ತದೆ.

ಎರಡನೆಯ ಕಾರಣ ಆಮ್ಲಜನಕ. ಗೋಡೆಗೆ ರಕ್ತ ತಂದ ಆಮ್ಲಜನಕ ಸ್ವಲ್ಪ ಸ್ವಲ್ಪವಾಗಿ ಒಳಕ್ಕೆ ಜಿನುಗುತ್ತದೆ, ಆದರೆ ಕರುಳಿನ ನಡುಭಾಗ ತಲುಪುವಷ್ಟರಲ್ಲಿ ಬಹುತೇಕ ಮುಗಿದಿರುತ್ತದೆ. ಆದ್ದರಿಂದ ಆಮ್ಲಜನಕ ಸಹಿಸಬಲ್ಲ ಪ್ರೋಟಿಯೋಬ್ಯಾಕ್ಟೀರಿಯಾಗಳ ಪಾಲು ಮಲಕ್ಕಿಂತ ಗೋಡೆಯ ಬಳಿ ಹೆಚ್ಚು. ಮೂರನೆಯದು ಆಹಾರ. ನಡುಭಾಗದಲ್ಲಿ ಸಿಗುವುದು ಊಟದಲ್ಲಿ ಜೀರ್ಣವಾಗದೆ ಉಳಿದ ನಾರು. ಗೋಡೆಯ ಬಳಿ ಸಿಗುವುದು ಮ್ಯೂಸಿನ್. ನೆದರ್‌ಲೆಂಡ್ಸ್‌ನ ವಿಜ್ಞಾನಿಗಳು 2004ರಲ್ಲಿ ವಿವರಿಸಿದ ಅಕ್ಕರ್‌ಮಾನ್ಸಿಯಾ ಮ್ಯೂಸಿನಿಫಿಲಾ ಮ್ಯೂಸಿನನ್ನೇ ಉಂಡು ಬದುಕಬಲ್ಲದು. ಲೋಳೆ ಸದಾ ಕಳಚಿ ಮಲದೊಡನೆ ಸೇರುವುದರಿಂದ ಇಂಥ ಬ್ಯಾಕ್ಟೀರಿಯಾ ಮಲದಲ್ಲೂ ಕಾಣುತ್ತದೆ. ಹೀಗಾಗಿ ಎರಡು ಸಮುದಾಯಗಳ ನಡುವಿನ ಭೇದ ಬಹುಮಟ್ಟಿಗೆ ಪ್ರಮಾಣದ ಭೇದ.

ಎರಡು ಸಮುದಾಯಗಳು ಭಿನ್ನವೆಂಬುದಕ್ಕೆ ಮನುಷ್ಯರಲ್ಲೇ ನಡೆದ ಅಧ್ಯಯನಗಳ ಆಧಾರವಿದೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹತ್ತು ಜನರನ್ನು ಪರೀಕ್ಷಿಸಿತು. ಒಬ್ಬ ವ್ಯಕ್ತಿಯ ದೊಡ್ಡ ಕರುಳಿನ ಬೇರೆ ಬೇರೆ ಭಾಗಗಳ ಗೋಡೆಯ ಬ್ಯಾಕ್ಟೀರಿಯಾಗಳು ಪರಸ್ಪರ ಹೋಲುತ್ತಿದ್ದವು, ಅದೇ ವ್ಯಕ್ತಿಯ ಮಲದ ಬ್ಯಾಕ್ಟೀರಿಯಾಗಳು ಭಿನ್ನವಾಗಿದ್ದವು. 2005ರಲ್ಲಿ ಸ್ಟ್ಯಾನ್‌ಫರ್ಡ್‌ನ ಡೇವಿಡ್ ರೆಲ್ಮನ್ ಅವರ ತಂಡ ಮೂವರು ಆರೋಗ್ಯವಂತರ ದೊಡ್ಡ ಕರುಳಿನ ಆರು ಜಾಗಗಳಿಂದಲೂ ಮಲದಿಂದಲೂ 13,000ಕ್ಕೂ ಹೆಚ್ಚು ಜೀನ್ ಅನುಕ್ರಮಗಳನ್ನು ಓದಿತು. ವ್ಯಕ್ತಿಯಿಂದ ವ್ಯಕ್ತಿಗೆ ದೊಡ್ಡ ಅಂತರವಿತ್ತು; ಗೋಡೆಗೂ ಮಲಕ್ಕೂ ನಡುವಿನ ಅಂತರವೂ ಎದ್ದು ಕಂಡಿತು.

ರೋಗದ ವಿಷಯಕ್ಕೆ ಬಂದರೆ ಈ ಅಂತರದ ಬೆಲೆ ಇನ್ನೂ ಹೆಚ್ಚು. ಉತ್ತರ ಅಮೆರಿಕದಲ್ಲಿ ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆ ಹೊಸದಾಗಿ ಪತ್ತೆಯಾಗಿ, ಇನ್ನೂ ಚಿಕಿತ್ಸೆ ಆರಂಭವಾಗದಿದ್ದ ಎಳೆಯ ರೋಗಿಗಳ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಸಣ್ಣ ಕರುಳಿನ ಕೊನೆಯ ಭಾಗ ಮತ್ತು ಗುದನಾಳದ ಬಯಾಪ್ಸಿಗಳಲ್ಲಿ, ಅಂದರೆ ಗೋಡೆಯಿಂದ ತೆಗೆದ ಅಂಗಾಂಶದ ಚೂರುಗಳಲ್ಲಿ, ಕಂಡ ಬದಲಾವಣೆ ಮಲದಲ್ಲಿ ಅಷ್ಟು ಸ್ಪಷ್ಟವಾಗಿರಲಿಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ 2018ರ ಅಧ್ಯಯನ ಇನ್ನೊಂದು ಎಚ್ಚರಿಕೆ ನೀಡಿತು: ಪ್ರೋಬಯಾಟಿಕ್ ಸೇವಿಸಿದವರ ಮಲದಲ್ಲಿ ಆ ಬ್ಯಾಕ್ಟೀರಿಯಾಗಳು ಕಂಡರೂ, ಕೆಲವರ ಕರುಳಿನ ಗೋಡೆಯಲ್ಲಿ ಅವು ನೆಲೆಯೂರಿರಲಿಲ್ಲ.

ಹಾಗೆಂದು ಬಯಾಪ್ಸಿ ದೋಷವಿಲ್ಲದ ದಾರಿಯಲ್ಲ. ಕೊಲೊನೋಸ್ಕೋಪಿಗೆ ಮುನ್ನ ಔಷಧ ಕುಡಿಸಿ ಕರುಳನ್ನು ತೊಳೆಯುವಾಗ ಗೋಡೆಯ ಸಮುದಾಯವೂ ಕದಡುತ್ತದೆ. ಚೂರು ಅಂಗಾಂಶದಲ್ಲಿ ಮನುಷ್ಯನ ಡಿಎನ್‌ಎಯೇ ತುಂಬಿದ್ದು, ಬ್ಯಾಕ್ಟೀರಿಯಾದ ಪಾಲು ಅತ್ಯಲ್ಪ. ಆರೋಗ್ಯವಂತರಿಂದ ಪದೇ ಪದೇ ಬಯಾಪ್ಸಿ ತೆಗೆಯುವುದು ನೈತಿಕವಾಗಿಯೂ ಸರಿಯಲ್ಲ.

ಆದ್ದರಿಂದ ಪ್ರಶ್ನೆಯೇ ಮಾದರಿಯನ್ನು ಆರಿಸಬೇಕು. ಆಹಾರದ ಬದಲಾವಣೆಗೆ ಕರುಳು ಹೇಗೆ ಸ್ಪಂದಿಸುತ್ತದೆ, ದೊಡ್ಡ ಜನಸಮೂಹಗಳು ಹೇಗೆ ಭಿನ್ನ ಎಂಬಂಥ ಪ್ರಶ್ನೆಗಳಿಗೆ ಮಲ ಸಾಕು. ಉರಿಯೂತ, ಲೋಳೆಯ ಸವೆತ, ರೋಗನಿರೋಧಕ ಪ್ರತಿಕ್ರಿಯೆಗಳ ಅಧ್ಯಯನಕ್ಕೆ ಗೋಡೆಯ ಮಾದರಿ ಬೇಕು. ಸಾಧ್ಯವಾದಲ್ಲಿ ಒಬ್ಬರಿಂದಲೇ ಎರಡನ್ನೂ ಪಡೆದು ಹೋಲಿಸುವುದು, ಯಾವುದರಿಂದ ಯಾವ ತೀರ್ಮಾನಕ್ಕೆ ಬರಲಾಯಿತೆಂದು ವರದಿಯಲ್ಲಿ ಸ್ಪಷ್ಟವಾಗಿ ದಾಖಲಿಸುವುದು ಈ ಕ್ಷೇತ್ರದ ಪ್ರತಿಯೊಬ್ಬ ಸಂಶೋಧಕರ ಹೊಣೆ.