ಹಲ್ಲು ಬದಲಿಸುವ ನಾಯಿಮರಿ ಮತ್ತು ನಮ್ಮ ಕೊಟ್ಟಿಗೆ

(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಾಠ)



ಕೆಚ್ಚಲು ಬಾವಿನ ಬಗ್ಗೆಯೋ ಮೇವಿನ ಬಗ್ಗೆಯೋ ಹೇಳುತ್ತಾರೆಂದು ತಾವು ಬಂದಿದ್ದೀರಿ. ನಾನು ನಾಯಿಮರಿಯ ವಿಷಯ ಎತ್ತಿಕೊಂಡಿದ್ದೇನೆ. ಕೆಲವರು ನಗುತ್ತಿದ್ದೀರಿ, ನಗಿ, ತಪ್ಪೇನಿಲ್ಲ. ಆದರೆ ರಾಸಿಗೆ ಚಿಕಿತ್ಸೆ ಮಾಡಿ ಕೈ ತೊಳೆಯಲು ನಿಂತಾಗ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದೇ. "ಡಾಕ್ಟ್ರೇ, ಈ ಮರಿ ಸಿಕ್ಕಿದ್ದನ್ನೆಲ್ಲಾ ಕಚ್ಚಿ ಚೂರು ಮಾಡುತ್ತೆ, ಅಂಗಳವೆಲ್ಲಾ ತೋಡಿ ಹಾಕುತ್ತೆ, ಏನಾದರೂ ಇಂಜೆಕ್ಷನ್ ಇದೆಯಾ?" ಇಂಜೆಕ್ಷನ್ ಇಲ್ಲ ಎಂದರೆ ಅವರ ಮುಖ ಸಣ್ಣದಾಗುತ್ತದೆ. ಎರಡು ತಿಂಗಳು ಬಿಟ್ಟು ಅದೇ ಮನೆಗೆ ಹೋದರೆ ಮರಿ ಇರುವುದಿಲ್ಲ. ಎಲ್ಲಿ ಎಂದು ಕೇಳಿದರೆ, ಸಂತೆ ಮೈದಾನದ ಹತ್ತಿರ ಬಿಟ್ಟು ಬಂದೆವು ಎನ್ನುತ್ತಾರೆ. ಹಾಗೆ ಬಿಟ್ಟ ಮರಿ ಲಸಿಕೆ ಕಾಣದೆ, ಬೀದಿಯ ಹಿಂಡು ಸೇರಿ, ಮುಂದೊಂದು ದಿನ ಯಾರದೋ ಮನೆಯ ಮಗುವನ್ನೋ ಕರುವನ್ನೋ ಕಚ್ಚಬಹುದು. ಆದುದರಿಂದ ಇದು ಹಾಲು ಉತ್ಪಾದಕರ ವಿಷಯವೂ ಹೌದು.

ಹಲ್ಲಿನಿಂದಲೇ ಪ್ರಾರಂಭಿಸೋಣ. ಸಂತೆಯಲ್ಲಿ ರಾಸಿನ ಬಾಯಿ ಬಿಡಿಸಿ, ಹಾಲುಹಲ್ಲು, ಎರಡು ಹಲ್ಲು, ಬಾಯಿ ಕೂಡಿದೆ ಎಂದು ವಯಸ್ಸು ಹೇಳುವುದರಲ್ಲಿ ತಾವು ನನಗಿಂತ ನಿಪುಣರು. ಕರುವಿನ ಹಾಲುಹಲ್ಲು 20. ಅದರ ಮುಂದಿನ ಮೊದಲ ಜೋಡಿ ಬದಲಾಗಲು ಸುಮಾರು ಎರಡು ವರ್ಷ ಬೇಕು, ಬಾಯಿ ಕೂಡುವುದಕ್ಕೆ ಇನ್ನೂ ಎರಡು ವರ್ಷಕ್ಕೂ ಮೇಲೆ. ಒಂದೊಂದೇ ಜೋಡಿ ನಿಧಾನವಾಗಿ ಬದಲಾಗುವುದರಿಂದ ಹಸು ನಮಗೆ ಗೊತ್ತಾಗದಂತೆ ಹಲ್ಲು ಬದಲಿಸುತ್ತದೆ. ನಾಯಿಮರಿಗೆ ಅಷ್ಟು ಬಿಡುವಿಲ್ಲ. ಮೂರನೇ ವಾರದಿಂದ ಹಾಲುಹಲ್ಲು ಮೂಡಿ ಒಟ್ಟು 28 ಆಗುತ್ತವೆ, ಒಂದೊಂದೂ ಸೂಜಿಯಂತೆ ಚೂಪು. ನಾಲ್ಕನೇ ತಿಂಗಳ ಆಸುಪಾಸಿನಲ್ಲಿ ಮುಂದಿನ ಹಲ್ಲುಗಳು ಬೀಳತೊಡಗುತ್ತವೆ. ಆಮೇಲೆ ಕೋರೆ ಮತ್ತು ದವಡೆ ಹಲ್ಲುಗಳ ಸರದಿ. ಆರು, ಏಳು ತಿಂಗಳು ತುಂಬುವ ಹೊತ್ತಿಗೆ ಬಾಯಲ್ಲಿ 42 ಶಾಶ್ವತ ಹಲ್ಲುಗಳಿರಬೇಕು. ಹಸು ವರ್ಷಗಟ್ಟಲೆ ಮಾಡುವ ಕೆಲಸ ಇಲ್ಲಿ ಮೂರೇ ತಿಂಗಳಲ್ಲಿ ಮುಗಿಯುತ್ತದೆ. ವಸಡು ಊದಿ, ನವೆಯಾಗಿ, ನೋಯುತ್ತಿರುವ ಮರಿ ಏನನ್ನಾದರೂ ಗಟ್ಟಿಯಾಗಿ ಒತ್ತಿ ಕಚ್ಚಿದರೆ ಅದಕ್ಕೆ ಹಿತವೆನಿಸುತ್ತದೆ. ತೊಟ್ಟಿಲ ಕೂಸು ಬೆರಳು ಕಚ್ಚುವುದನ್ನು ನೋಡಿದ ತಾಯಂದಿರಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ. ಈ ದಿನಗಳಲ್ಲಿ ಮರಿ ಕಚ್ಚಿದ ಬಟ್ಟೆಯ ಮೇಲೆ ರಕ್ತದ ಚುಕ್ಕೆ ಕಂಡರೆ ಗಾಬರಿ ಬೇಡ. ಬಿದ್ದ ಹಲ್ಲನ್ನು ಅದು ನುಂಗಿದರೂ ತೊಂದರೆಯಿಲ್ಲ. ಅಲುಗಾಡುವ ಹಲ್ಲನ್ನು ಇಕ್ಕಳ ಹಾಕಿ ಕೀಳಲು ಮಾತ್ರ ಹೋಗಬೇಡಿ.

ನಮ್ಮ ರೈತರು ಬುದ್ಧಿವಂತರಾದ್ದರಿಂದಲೇ ಮಾಡುವ ಒಂದು ತಪ್ಪು ಲೆಕ್ಕವಿದೆ. ಹಸು ಬಟ್ಟೆ, ಎಲುಬು ಜಗಿದರೆ ರಂಜಕದ ಕೊರತೆ ಇರಬಹುದು, ಲವಣ ಮಿಶ್ರಣ ಕೊಡಿ ಎಂದು ನಾವೇ ಹೇಳಿಕೊಟ್ಟಿದ್ದೇವೆ. ಅದನ್ನು ನೆನಪಿಟ್ಟುಕೊಂಡು ಸಂಘದಿಂದ ತಂದ ದನದ ಲವಣ ಮಿಶ್ರಣವನ್ನು ಮರಿಯ ಮುದ್ದೆಗೆ ಕಲಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದರ ಪ್ರಮಾಣ ನಾಯಿಗಾಗಿ ಇಟ್ಟದ್ದಲ್ಲ. ಆಟವಾಡಿಕೊಂಡು, ಚೆನ್ನಾಗಿ ತಿಂದುಕೊಂಡು ಇರುವ ಮರಿ ಚಪ್ಪಲಿ ಕಚ್ಚಿದರೆ ಅದು ಕೊರತೆಯಲ್ಲ, ಹಲ್ಲು ಮತ್ತು ಬೇಸರ. ಮಣ್ಣು ತಿನ್ನುವ, ಹೊಟ್ಟೆ ಡೊಳ್ಳಾದ, ವಸಡು ಬಿಳಿಚಿದ ಮರಿಯ ಮಾತು ಬೇರೆ. ಅದು ಹೆಚ್ಚಾಗಿ ಜಂತುಹುಳುವಿನ ಕಾಟ. ಹುಟ್ಟಿದ ಎರಡನೇ ವಾರದಿಂದ ಹದಿನೈದು ದಿನಕ್ಕೊಮ್ಮೆ ಮೂರು ತಿಂಗಳವರೆಗೆ, ನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಜಂತುನಾಶಕ ಹಾಕಿಸಬೇಕು. ಬರೀ ಮುದ್ದೆ ಮತ್ತು ಮಜ್ಜಿಗೆಯಲ್ಲಿ ಬೆಳೆಯುವ ಮರಿಗೆ ಮೊಟ್ಟೆಯನ್ನೋ ಬೇಯಿಸಿದ ಮಾಂಸವನ್ನೋ ಸೇರಿಸಿ, ದಿನಕ್ಕೆ ಮೂರು ಹೊತ್ತು ಹಾಕಿ. ಹಸಿದ ಮರಿ ಎಲ್ಲವನ್ನೂ ಬಾಯಿಗೆ ಹಾಕುತ್ತದೆ.

ಇನ್ನು ಬೇಸರ. ಬೆಳಿಗ್ಗೆ ಹಾಲು ಹಾಕಿ ಬಂದು ದೊಡ್ಡವರು ಹೊಲಕ್ಕೆ ಹೋಗುತ್ತೀರಿ, ಮಕ್ಕಳು ಶಾಲೆಗೆ. ಮರಿಯನ್ನು ಕಂಬಕ್ಕೆ ಕಟ್ಟಿದರೆ ಸಂಜೆಯ ಕರಾವಿನವರೆಗೆ ಅದರ ಪಾಡು ಅದಕ್ಕೆ. ಮೂರು ಮಾರು ಸರಪಳಿಯ ಸುತ್ತಳತೆಯಲ್ಲಿ ಅದು ಮಾಡಬಹುದಾದದ್ದು ಮೂರೇ: ಬೊಗಳುವುದು, ಕಚ್ಚುವುದು, ತೋಡುವುದು. ಮುಧೋಳದಂಥ ಬೇಟೆ ತಳಿಯ ಮರಿಯಾದರೆ ಹೇಳುವುದೇ ಬೇಡ. ಓಡುವುದಕ್ಕೆಂದೇ ಬೆಳೆಸಿದ ಆ ತಳಿಯನ್ನು ಅಂದಕ್ಕಾಗಿ ತಂದು ಕಂಬಕ್ಕೆ ಬಿಗಿಯುವುದನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಸದಾ ಕಟ್ಟಿಹಾಕಿದ ನಾಯಿಗೆ ಓಡಾಟ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಬೀದಿಗೆ ಬಿಡುವುದೂ ಅದೇ ಕಾಯಿದೆಯಲ್ಲಿದೆ. ಕಾಯಿದೆ ಹಾಗಿರಲಿ, ಬೆಳಿಗ್ಗೆ ಡೇರಿಗೆ ಹೋಗುವಾಗ ಹಗ್ಗ ಹಿಡಿದು ಮರಿಯನ್ನೂ ಕರೆದುಕೊಂಡು ಹೋಗಿ. ನಡೆದು ಬಂದ ಮರಿ ಉಂಡು ಮಲಗುತ್ತದೆ. ಈ ವಯಸ್ಸಿನ ಮರಿಗೆ ದಿನದ ಹೆಚ್ಚು ಹೊತ್ತು ನಿದ್ದೆಯೇ ಬೇಕು. ನಿದ್ದೆಗೆಟ್ಟ ಮರಿ ಇನ್ನೂ ಹೆಚ್ಚು ಕಚ್ಚುತ್ತದೆ.

ಈಗ ಕೊಟ್ಟಿಗೆಗೆ ಬರೋಣ. ಹಾಲಿನ ವಾಸನೆ ಎಲ್ಲಿದೆಯೋ ಮರಿಯ ಮೂಗು ಅಲ್ಲಿ. ಹಾಲು ಕರೆಯುವ ಯಂತ್ರದ ರಬ್ಬರ್ ಕೊಳವೆ ಮೆತ್ತಗಿರುತ್ತದೆ, ಹಾಲಿನ ವಾಸನೆಯೂ ಇರುತ್ತದೆ. ಮರಿಗೆ ಇದಕ್ಕಿಂತ ಒಳ್ಳೆಯ ಆಟಿಕೆ ಬೇರೆ ಇಲ್ಲ. ಅದರಲ್ಲಿ ಹಲ್ಲಿನ ಒಂದು ತೂತು ಬಿದ್ದರೂ ಗಾಳಿ ಒಳಸೇರಿ ಯಂತ್ರದ ಹೀರುವಿಕೆ ಏರುಪೇರಾಗುತ್ತದೆ, ಲೈನರ್ ಮೊಲೆಯಿಂದ ಜಾರುತ್ತದೆ. ಕೊನೆಗೆ ಕೆಚ್ಚಲು ಬಾವು ಬರುವುದಕ್ಕೆ ದಾರಿ. ಹಾಗಾಗಿ ಕೆಚ್ಚಲು ಬಾವಿನ ಮಾತು ಕೇಳಲು ಬಂದವರಿಗೂ ಇಲ್ಲಿ ಸ್ವಲ್ಪ ಸಿಕ್ಕಿತು! ಯಂತ್ರ ತೊಳೆದ ಮೇಲೆ ಕೊಳವೆಗಳನ್ನು ಎದೆಯೆತ್ತರದ ಮೊಳೆಗೆ ತೂಗುಹಾಕಿ. ರಸಮೇವಿನ ಚೀಲವನ್ನು ಮರಿ ಹರಿದರೂ ಕಥೆ ಅದೇ. ಗಾಳಿ ಹೊಕ್ಕ ಕಡೆ ಬೂಷ್ಟು ಹಿಡಿಯುತ್ತದೆ, ಆ ಭಾಗವನ್ನು ರಾಸಿಗೆ ಹಾಕಬಾರದು. ಉಣ್ಣೆಗೆ ಹಚ್ಚುವ ಔಷಧಿಯ ಬಾಟಲಿ, ಇಲಿ ಪಾಷಾಣ, ಮೋಟಾರಿನ ವೈರು ಮರಿಯ ಪ್ರಾಣವನ್ನೇ ತೆಗೆಯುತ್ತವೆ. ಕೃತಕ ಗರ್ಭಧಾರಣೆಗೆ ಬಂದವರು ಕಳಚಿದ ಪ್ಲಾಸ್ಟಿಕ್ ಕೈಗವಸು, ಕೆಚ್ಚಲಿಗೆ ಏರಿಸಿದ ಔಷಧಿಯ ಖಾಲಿ ಟ್ಯೂಬು ಇವನ್ನು ಕೊಟ್ಟಿಗೆಯ ಮೂಲೆಯಲ್ಲಿ ಬಿಡದಂತೆ ನೋಡಿಕೊಳ್ಳಿ. ನಮ್ಮ ಸಿಬ್ಬಂದಿಗೂ ಇದನ್ನು ಹೇಳಿ, ಸಂಕೋಚಪಡಬೇಡಿ.

ಹಾಗಾದರೆ ಕಚ್ಚಲು ಏನು ಕೊಡಬೇಕು? ಹಳೆಯ ಹತ್ತಿ ಬಟ್ಟೆಯನ್ನು ಬಿಗಿಯಾಗಿ ಹೊಸೆದು ಮೂರು ಗಂಟು ಹಾಕಿ, ನೀರಿನಲ್ಲಿ ಅದ್ದಿ ಕೊಡಿ. ಮನೆಯಲ್ಲಿ ಫ್ರಿಜ್ ಇದ್ದರೆ ಒಂದು ಗಂಟೆ ಐಸಿನ ಪೆಟ್ಟಿಗೆಯಲ್ಲಿಟ್ಟು ಕೊಡಿ. ತಣ್ಣನೆಯ ಬಟ್ಟೆ ಊದಿದ ವಸಡಿಗೆ ಬಹಳ ಹಿತ. ದಪ್ಪ ಗಜ್ಜರಿಯೂ ಆಗುತ್ತದೆ. ನೀವು ಎದುರಿಗೆ ಕುಳಿತಿರುವಷ್ಟು ಹೊತ್ತು ಎಳನೀರಿನ ಬುರುಡೆ ಕೊಡಬಹುದು, ಆದರೆ ನಾರು ಕಿತ್ತು ನುಂಗತೊಡಗಿದರೆ ತೆಗೆದುಬಿಡಿ. ಯಾವುದೇ ಆಟಿಕೆ ಚೂರಾಗತೊಡಗಿದ ಕೂಡಲೇ ಬದಲಾಯಿಸಬೇಕು.

ಕೊಡಬಾರದ್ದರಲ್ಲಿ ಮೊದಲನೆಯದು ಕಾಳು ಬಿಡಿಸಿದ ಮುಸುಕಿನ ಜೋಳದ ದಿಂಡು. ಒಕ್ಕಣೆಯ ಕಾಲದಲ್ಲಿ ಅಂಗಳದ ತುಂಬಾ ಅದೇ ಬಿದ್ದಿರುತ್ತದೆ. ತುಂಡು ನುಂಗಿದರೆ ಅದು ಕರಗುವುದಿಲ್ಲ, ಕರುಳಿನಲ್ಲಿ ಬಿರಡೆಯಂತೆ ಸಿಕ್ಕಿಕೊಳ್ಳುತ್ತದೆ. ಊಟ ಬಿಟ್ಟು ಪದೇ ಪದೇ ವಾಂತಿ ಮಾಡುವ ಮರಿಯನ್ನು ನಾಳೆ ನೋಡೋಣ ಎನ್ನದೆ ಅದೇ ದಿನ ಆಸ್ಪತ್ರೆಗೆ ತನ್ನಿ, ಹೊಟ್ಟೆ ಕೊಯ್ದು ತೆಗೆಯಬೇಕಾಗಬಹುದು. ಮಾವಿನ ಓಟೆಯೂ ಹಾಗೆಯೇ. ಬೇಯಿಸಿದ ಕೋಳಿ ಮೂಳೆ ಸೀಳಿ ಚುಚ್ಚುತ್ತದೆ. ಇನ್ನೊಂದು ಮಾತು. ಹರಿದ ಚಪ್ಪಲಿಯನ್ನೋ ಹಳೆಯ ಕಣ್ಣಿಯನ್ನೋ ಆಟಕ್ಕೆ ಕೊಡಬೇಡಿ. ಹಳೆಯದು ಹೊಸದು ಎಂಬ ಭೇದ ಮರಿಗೆ ತಿಳಿಯದು. ಇವತ್ತು ಹಳೆಯ ಕಣ್ಣಿ ಕಚ್ಚಲು ಕಲಿತದ್ದು ನಾಳೆ ಕರು ಕಟ್ಟಿದ ಕಣ್ಣಿಯನ್ನು ಕಡಿಯುತ್ತದೆ, ಕರು ಬಿಚ್ಚಿಕೊಂಡು ಹೋಗಿ ಹಾಲನ್ನೆಲ್ಲಾ ಕುಡಿದಿರುತ್ತದೆ.

ಬಾಯಿಗೆ ಹಾಕಿಕೊಂಡ ವಸ್ತುವಿಗಾಗಿ ಅಟ್ಟಿಸಿಕೊಂಡು ಹೋದರೆ ಮರಿಗೆ ಅದೂ ಒಂದು ಆಟ. ರೊಟ್ಟಿ ಚೂರು ತೋರಿಸಿ, ಇದನ್ನು ಕೊಟ್ಟು ಅದನ್ನು ತೆಗೆದುಕೊಳ್ಳಿ, ಕೂಡಲೇ ಅದರ ಬಟ್ಟೆಯ ಗಂಟನ್ನು ಬಾಯಿಗೆ ಕೊಟ್ಟು ಬೆನ್ನು ತಟ್ಟಿ. ಹೊಡೆಯುವುದರಿಂದ ಏನೂ ಸಾಧಿಸಲಾಗದು. ಮಧ್ಯಾಹ್ನ ಕಚ್ಚಿದ ಚಪ್ಪಲಿಗೆ ಸಂಜೆ ಬಂದು ಹೊಡೆದರೆ, ಯಜಮಾನ ಮನೆಗೆ ಬಂದರೆ ಏಟು ಬೀಳುತ್ತದೆ ಎಂಬುದನ್ನಷ್ಟೇ ಅದು ಕಲಿಯುತ್ತದೆ. ಅದು ತಲೆ ತಗ್ಗಿಸಿ ನಿಲ್ಲುವುದು ತಪ್ಪೊಪ್ಪಿಗೆಯಲ್ಲ, ಹೆದರಿಕೆ. ಹೆದರಿ ಬೆಳೆದ ನಾಯಿಯೇ ಮುಂದೆ ಕಚ್ಚುವ ನಾಯಿ. ಮಂಚದ ಕಾಲಿಗೆ ಹಾಗಲಕಾಯಿ ರಸ ಸವರಿ ನೋಡಬಹುದು, ಕೆಲವು ಮರಿಗಳು ಬಿಡುತ್ತವೆ, ಕೆಲವು ಅದನ್ನೂ ನೆಕ್ಕುತ್ತವೆ. ಖಾರದಪುಡಿ, ಸೀಮೆಎಣ್ಣೆ, ಫಿನಾಯಿಲ್ ಬೇಡವೇ ಬೇಡ. ಫಿನಾಯಿಲ್ ನಾಯಿಗೆ ವಿಷ.

ತೋಡುವುದಕ್ಕೆ ಕಾರಣ ಹುಡುಕಬೇಕಾದರೆ ತೋಡಿದ ಜಾಗವನ್ನು ನೋಡಿ. ಬೇಸಿಗೆಯಲ್ಲಿ ಬಾನಿಯ ಪಕ್ಕ, ತೊಟ್ಟಿಯ ಬುಡದಲ್ಲಿ ತೋಡಿ ಅದರಲ್ಲೇ ಮಲಗಿದ್ದರೆ ಸೆಕೆ. ನೆರಳು, ಕುಡಿಯಲು ನೀರು, ಒಂದು ಒದ್ದೆ ಗೋಣಿ ಒದಗಿಸಿದರೆ ಅರ್ಧ ತೋಡಾಟ ನಿಲ್ಲುತ್ತದೆ. ಹುಲ್ಲಿನ ಬಣವೆಯ ಬುಡದಲ್ಲಾದರೆ ಇಲಿ. ಬೇಲಿಯ ಕೆಳಗಾದರೆ ಓಡಾಟದ ಆಸೆ. ಎಲ್ಲೆಂದರಲ್ಲಿ ತೋಡಿದ್ದರೆ ಬೇಸರ. ಅದಕ್ಕೆ ಹಿತ್ತಲ ಒಂದು ಮೂಲೆಯಲ್ಲಿ ಎರಡು ಬುಟ್ಟಿ ಮರಳು ಸುರಿದು, ಒಣ ರೊಟ್ಟಿಯ ಚೂರುಗಳನ್ನು ಮೇಲೆಮೇಲೆ ಹೂತಿಡಿ. ಬೇರೆ ಕಡೆ ತೋಡಿದಾಗ ಎತ್ತಿಕೊಂಡು ಬಂದು ಇಲ್ಲಿ ಬಿಡಿ. ವಾರದೊಳಗೆ ತನ್ನ ಜಾಗ ಯಾವುದೆಂದು ಬಹುತೇಕ ಮರಿಗಳಿಗೆ ತಿಳಿಯುತ್ತದೆ.

ತಿಪ್ಪೆಯಲ್ಲಿ ತೋಡುವುದನ್ನು ಮಾತ್ರ ನಾನು ಹಗುರವಾಗಿ ಹೇಳಿ ಮುಂದೆ ಹೋಗಲಾರೆ. ರಾಸು ಈದಾಗ ಬಿದ್ದ ಕಸವನ್ನು, ಅಂದರೆ ಸತ್ತೆಯನ್ನು, ತಿಪ್ಪೆಗೆ ಎಸೆಯುವ ಅಭ್ಯಾಸ ಇನ್ನೂ ಇದೆ. ಕೆಲವು ಕಡೆ ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುತ್ತಾರೆ, ಅದು ಕೊಳೆತು ಕೆಳಗೆ ಬೀಳುತ್ತದೆ. ಕಂದು ಹಾಕಿದ ರಾಸಿನ ಭ್ರೂಣವನ್ನು ಗೇಣುದ್ದದ ಗುಂಡಿಯಲ್ಲಿ ಮುಚ್ಚಿ ಕೈತೊಳೆದುಕೊಳ್ಳುತ್ತಾರೆ. ತೋಡುವ ಚಟದ ಮರಿ ಅದನ್ನು ಹೊರಗೆಳೆದು ತಿಂದು, ಉಳಿದದ್ದನ್ನು ಊರ ತುಂಬಾ ಎಳೆದಾಡುತ್ತದೆ. ಕಂದು ಹಾಕಲು ಕಾರಣ ಬ್ರುಸೆಲ್ಲಾ ರೋಗವಾಗಿದ್ದರೆ ಆ ರೋಗಾಣು ನಾಲ್ಕು ಮನೆಯ ಮೇವಿಗೆ ತಗಲಿತು ಎಂದೇ ತಿಳಿಯಿರಿ. ಅದು ಮನುಷ್ಯರಿಗೂ ಬರುವ ರೋಗ. ನಿಯೋಸ್ಪೋರಾ ಎಂಬ ಇನ್ನೊಂದು ಸೂಕ್ಷ್ಮ ಪರಾವಲಂಬಿ ಜೀವಿ ಇದೆ. ಸೋಂಕಿತ ಸತ್ತೆ ಅಥವಾ ಭ್ರೂಣ ತಿಂದ ನಾಯಿಯ ಮಲದಲ್ಲಿ ಅದರ ಮೊಟ್ಟೆಯಂಥ ಕೋಶಗಳು ಹೊರಬೀಳುತ್ತವೆ. ಆ ಮಲ ಬಿದ್ದ ಹುಲ್ಲು ತಿಂದ ಗಬ್ಬದ ಹಸು, ಹೆಚ್ಚಾಗಿ ಐದರಿಂದ ಏಳನೇ ತಿಂಗಳಲ್ಲಿ, ಕಂದು ಹಾಕಬಹುದು. ಇಲ್ಲಿ ತಪ್ಪು ಮರಿಯದಲ್ಲ, ಹೂಳಿದವರದು. ಕೈಗವಸು ಹಾಕಿಕೊಂಡು, ನಾಲ್ಕು ಅಡಿಗೆ ಕಡಿಮೆಯಿಲ್ಲದ ಗುಂಡಿಯಲ್ಲಿ ಸುಣ್ಣ ಹಾಕಿ ಹೂತು, ಮೇಲೆ ಚಪ್ಪಡಿ ಕಲ್ಲನ್ನೋ ಮುಳ್ಳನ್ನೋ ಹೇರಬೇಕು. ಗೋದಲಿಯಲ್ಲಿ, ಮೇವಿನ ರಾಶಿಯ ಮೇಲೆ ನಾಯಿ ಮಲಗಲು, ಹೇಲಲು ಬಿಡಬೇಡಿ.

ಕೊನೆಯದಾಗಿ ಹುಚ್ಚುನಾಯಿ ರೋಗ. ಹಲ್ಲು ಬರುವ ಮರಿ ಆಟದಲ್ಲಿ ಮಕ್ಕಳ ಕೈ ಕಚ್ಚುವುದು ಸಾಮಾನ್ಯ. ಸೂಜಿಯಂಥ ಹಲ್ಲು ಚರ್ಮ ತೂರಿ ರಕ್ತ ಬರುತ್ತದೆ. ನಮ್ಮದೇ ಮರಿ, ಚಿಕ್ಕದು ಎಂದು ಸುಮ್ಮನಿರಬೇಡಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಸುಣ್ಣ, ಅರಿಶಿನ, ಖಾರ ಹಚ್ಚಬೇಡಿ. ಮರಿಗೆ ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ, ವೈದ್ಯರು ಹೇಳಿದ ದಿನ ಮತ್ತೊಂದು, ಆಮೇಲೆ ವರ್ಷ ವರ್ಷ. ಇನ್ನೊಂದು ಎಚ್ಚರಿಕೆ. ಹಲ್ಲಿನ ಕಾಟದ ಮರಿ ಕಚ್ಚುತ್ತದೆ, ಕರೆದರೆ ಬಾಲ ಅಲ್ಲಾಡಿಸಿಕೊಂಡು ಬರುತ್ತದೆ, ಉಣ್ಣುತ್ತದೆ. ಇದ್ದಕ್ಕಿದ್ದಂತೆ ಸ್ವಭಾವ ಬದಲಾಗಿ, ಕಲ್ಲು, ಕಟ್ಟಿಗೆ, ಮಣ್ಣನ್ನು ಕಂಡಂತೆ ಕಚ್ಚುತ್ತಾ, ಜೊಲ್ಲು ಸುರಿಸುತ್ತಾ, ನುಂಗಲಾರದೆ, ದನಿ ಬದಲಾದ ಮರಿಯನ್ನು ಕಂಡರೆ ಅದು ಹಲ್ಲಿನ ತೊಂದರೆಯಲ್ಲವೆಂದೇ ತಿಳಿಯಬೇಕು. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಬೇಡಿ. ಮುಟ್ಟದೆ ಕೋಣೆಯೊಳಗೆ ಕೂಡಿಹಾಕಿ ಪಶುವೈದ್ಯರಿಗೆ ತಿಳಿಸಿ. ಈಗಾಗಲೇ ಕೈಗೆ ಜೊಲ್ಲು ತಗಲಿದ್ದರೆ ಹಾಗೆಯೇ ತೊಳೆದು ಆರೋಗ್ಯ ಕೇಂದ್ರದಲ್ಲಿ ತೋರಿಸಿ.

ಆರೋಗ್ಯವಾಗಿರುವ ಮರಿಗೆ ಏಳು ತಿಂಗಳು ತುಂಬಿದ ದಿನ ಸಂತೆಯಲ್ಲಿ ರಾಸಿಗೆ ಮಾಡುವಂತೆ ಬಾಯಿ ಬಿಡಿಸಿ ಎಣಿಸಿ: ಮೇಲೆ 20, ಕೆಳಗೆ 22. ಹಳೆಯ ಕೋರೆಹಲ್ಲು ಬೀಳದೆ ಹೊಸದರ ಪಕ್ಕದಲ್ಲೇ ಜೋಡಿಯಾಗಿ ನಿಂತಿದ್ದರೆ ತೆಗೆಸಬೇಕಾಗುತ್ತದೆ. ನಾನು ತಮ್ಮ ಸಂಘಕ್ಕೆ ಬರುವ ದಿನ ಮರಿಯನ್ನು ಕರೆತನ್ನಿ, ಹಸುವಿನ ಜೊತೆಗೆ ಅದನ್ನೂ ನೋಡುತ್ತೇನೆ.