ಕಲ್ಕುಡನ ಕೈ ಕಡಿದದ್ದೇಕೆ?

ಕೊಲೆಯೂ ದೈವವೂ ಒಟ್ಟಿಗಿರುವ ಸಿನಿಮಾ ಮುಗಿದ ಮೇಲೆ ಪ್ರೇಕ್ಷಕರು ಬೇಗ ಮನೆಗೆ ಹೋಗುವುದಿಲ್ಲ. ಹೊಟೇಲಿನಲ್ಲಿ, ಬಸ್ಸಿನಲ್ಲಿ ಚರ್ಚೆ ಮುಂದುವರಿಯುತ್ತದೆ. 2015ರಲ್ಲಿ ತೆರೆಕಂಡ ‘ರಂಗಿತರಂಗ’ದಲ್ಲಿ ಗುಡ್ಡದ ಭೂತದ ಮೇಲಿದ್ದ ಗುಮಾನಿ ಕೊನೆಗೆ ಮನುಷ್ಯನ ಕಡೆಗೇ ತಿರುಗುತ್ತದೆ. 2022ರ ‘ಕಾಂತಾರ’ದಲ್ಲಿ ದೈವದ ಹೆಸರಿನಲ್ಲಿ ಸುಳ್ಳು ನುಡಿ ಕೊಡಲು ಒಪ್ಪದ ಗುರುವ ಕೊಲೆಯಾಗುತ್ತಾನೆ. ಕೊಂದವನ ಮನಸ್ಸಿನಲ್ಲಿ ಇದ್ದದ್ದು ಭೂಮಿಯ ಆಸೆಯೇ, ಒಡೆತನದ ಮದವೇ, ಹೆದರಿಕೆಯೇ? ಒಬ್ಬೊಬ್ಬ ಅಭಿಮಾನಿಗೆ ಒಂದೊಂದು ವಾದ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಜನರಿಗೆ ಇಂಥ ವಾದ ಹೊಸದೇನಲ್ಲ. ಸಿನಿಮಾ ಹುಟ್ಟುವ ಎಷ್ಟೋ ಮೊದಲೇ ಇಲ್ಲಿ ಕಲ್ಕುಡ-ಕಲ್ಲುರ್ಟಿಯರ ಪಾಡ್ದನ ಇತ್ತು. ಕೋಲದ ಕಳದಲ್ಲಿ ಅದನ್ನು ಹೇಳುತ್ತಾರೆ. ಅದರ ನಡುವೆ ನಿಂತಿರುವ ಪ್ರಶ್ನೆಯೂ ಅದೇ: ಅರಸ ಹಾಗೇಕೆ ಮಾಡಿದ?

ಸಭೆಯಲ್ಲಿರುವ ಹಿರಿಯರು ಈ ಕಥೆಯನ್ನು ಬಲ್ಲರು. ಶಿಲ್ಪಿ ಬೀರು ಕಲ್ಕುಡ ಕಾರ್ಕಳದ ಭೈರರಸನಿಗಾಗಿ ಗೊಮ್ಮಟನನ್ನು ಕಡೆಯುತ್ತಾನೆ. ಕೆಲಸ ಮುಗಿದಾಗ ಬಹುಮಾನದ ಬದಲು ಅರಸ ಅವನ ಒಂದು ಕೈ, ಒಂದು ಕಾಲನ್ನು ಕಡಿಸುತ್ತಾನೆ. ಉಳಿದ ಒಂದು ಕೈ, ಒಂದು ಕಾಲಿನಲ್ಲಿಯೇ ಕಲ್ಕುಡ ವೇಣೂರಿಗೆ ಬಂದು ಅಜಿಲ ಅರಸರಿಗೆ ಇನ್ನೊಬ್ಬ ಗೊಮ್ಮಟನನ್ನು ಕೆತ್ತಿಕೊಡುತ್ತಾನೆ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ಅವನ ಅವಸ್ಥೆಯನ್ನು ಕಂಡು ಕೆರಳುತ್ತಾಳೆ. ಇಬ್ಬರೂ ಮಾಯವಾಗಿ ದೈವಗಳಾಗಿ ಅರಸನನ್ನು ಕಾಡುತ್ತಾರೆ.

ಅರಸನ ಉದ್ದೇಶದ ಬಗ್ಗೆ ಎಲ್ಲರೂ ಹೇಳುವ ಮೊದಲ ಉತ್ತರ ಮತ್ಸರ. ಇಂಥದೇ ಇನ್ನೊಂದು ಮೂರ್ತಿ ಬೇರೆಲ್ಲಿಯೂ ಏಳಬಾರದು ಎಂಬ ಹಟ. ಈ ಕಾರಣ ಕಾರ್ಕಳಕ್ಕಷ್ಟೇ ಸೀಮಿತವಲ್ಲ. ತಾಜಮಹಲು ಕಟ್ಟಿದವರ ಕೈ ಕಡಿಸಿದರೆಂದು ಆಗ್ರಾದ ಕಡೆ ಹೇಳುತ್ತಾರೆ. ಮಾಸ್ಕೋದ ಸೇಂಟ್ ಬೇಸಿಲ್ ಇಗರ್ಜಿಯನ್ನು ಕಟ್ಟಿದವನ ಕಣ್ಣು ಕೀಳಿಸಿದರೆಂದು ರಷ್ಯದಲ್ಲಿ ಹೇಳುತ್ತಾರೆ. ಇವೆರಡಕ್ಕೂ ಚರಿತ್ರೆಯ ಆಧಾರವಿಲ್ಲ.

ಎರಡನೆಯ ಉತ್ತರ ಕುಶಲಕರ್ಮಿಗಳ ಮೇಲಿನ ಹಿಡಿತ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕೆಲಸ ಆರಂಭವಾದದ್ದು 1430ರ ಸುಮಾರಿಗೆ. ಸುಮಾರು 42 ಅಡಿ ಎತ್ತರದ ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ, ವೀರಪಾಂಡ್ಯ ಭೈರರಸನ ಕಾಲದಲ್ಲಿ. ಅಕ್ಕಪಕ್ಕದ ಊರುಗಳಲ್ಲಿ ಏಕಕಾಲಕ್ಕೆ ಇಷ್ಟು ದೊಡ್ಡ ಕಲ್ಲಿನ ಕೆಲಸ ನಡೆಯುವಾಗ ಒಳ್ಳೆಯ ಶಿಲ್ಪಿಯ ಕೈಗೆ ಬೆಲೆ ಇದ್ದೇ ಇರುತ್ತದೆ. ದುಡಿದವನ ಕೈಯನ್ನೂ ತನ್ನ ಸೊತ್ತೆಂದು ಎಣಿಸಿದ ಒಡೆಯನ ಕಥೆ ಇದು ಎನ್ನುವವರು ಇದ್ದಾರೆ.

ಆದರೆ ಇಸವಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ತೊಡಕು ಎದುರಾಗುತ್ತದೆ. ವೇಣೂರಿನಲ್ಲಿ ವೀರ ತಿಮ್ಮಣ್ಣ ಅಜಿಲ ಗೊಮ್ಮಟನನ್ನು ನಿಲ್ಲಿಸಿದ್ದು 1604ರಲ್ಲಿ. ಎರಡು ಮೂರ್ತಿಗಳ ನಡುವೆ 172 ವರ್ಷಗಳ ಅಂತರ! ಒಬ್ಬನೇ ಶಿಲ್ಪಿ ಎರಡನ್ನೂ ಕೆತ್ತಿರಲು ಸಾಧ್ಯವಿಲ್ಲ. ಇಲ್ಲಿಂದ ಮೂರನೆಯ ವಾದ ಹುಟ್ಟುತ್ತದೆ. ವೇಣೂರಿನಲ್ಲಿ ಮೂರ್ತಿ ಏಳುವುದನ್ನು ಆಗಿನ ಕಾರ್ಕಳದ ಅರಸ ಸಹಿಸದೆ ದಂಡೆತ್ತಿ ಬಂದನೆಂದೂ, ಅಜಿಲರು ಮೂರ್ತಿಯನ್ನು ಫಲ್ಗುಣಿ ನದಿಯ ಮರಳಿನಲ್ಲಿ ಅಡಗಿಸಿಟ್ಟರೆಂದೂ ಸ್ಥಳೀಯ ಐತಿಹ್ಯವಿದೆ. ಎರಡು ಅರಸುಮನೆಗಳ ಈ ಪೈಪೋಟಿಯ ನೆನಪೇ ಒಬ್ಬ ಶಿಲ್ಪಿಯ ಮೈಮೇಲಿನ ಗಾಯವಾಗಿ ಪಾಡ್ದನದಲ್ಲಿ ಉಳಿದಿರಬಹುದು. ಮೂರು ವಾದಗಳಲ್ಲಿ ಇಸವಿಗಳಿಗೆ ಹೊಂದುವುದು ಇದೊಂದೇ.

ಹಾಗಾದರೆ ಪಾಡ್ದನ ಸುಳ್ಳೇ? ಅದು ಇಸವಿ ಹೇಳಲು ಹುಟ್ಟಿದ್ದಲ್ಲ. ಇಂದಿನ ರೋಚಕ ಕಥೆಗಳಲ್ಲಿ ಹೆಣ ಬಿದ್ದ ಕೂಡಲೇ ಗುಮಾನಿ ಭೂತದ ಮೇಲೆ. ಈ ಪಾಡ್ದನದಲ್ಲಿ ಕ್ರಮವೇ ತಿರುಗಾಮುರುಗಾ. ಅನ್ಯಾಯ ಮಾಡಿದವನು ಮನುಷ್ಯ, ಅದೂ ಸಿಂಹಾಸನದಲ್ಲಿ ಕುಳಿತವನು. ದೈವ ಬರುವುದು ಆಮೇಲೆ, ಅನ್ಯಾಯಕ್ಕೆ ಒಳಗಾದವರ ರೂಪದಲ್ಲಿ. ಅರಸನ ಅಪರಾಧವನ್ನು ಭೂತದ ತಲೆಗೆ ಕಟ್ಟಲು ಇಲ್ಲಿ ದಾರಿಯೇ ಇಲ್ಲ.

ಇನ್ನೊಂದು ಸಂಗತಿಯೂ ಗಮನಾರ್ಹ. ಕೊಂದವನ ಮನಸ್ಸನ್ನು ಕೆದಕುತ್ತ ಹೋದಂತೆ ಪ್ರೇಕ್ಷಕರಿಗೆ ಅವನ ಪರಿಚಯ ಹೆಚ್ಚಾಗುತ್ತದೆ. ಪರಿಚಯ ಹೆಚ್ಚಿದಂತೆ ಕ್ಷಮೆಯೂ ಸುಲಭವಾಗುತ್ತದೆ. ಸತ್ತವನು ಮಾತ್ರ ಕಥೆಯ ಆರಂಭಕ್ಕೆ ಬೇಕಾದ ಒಂದು ನೆಪವಾಗಿ ಉಳಿಯುತ್ತಾನೆ. ‘ಕಾಂತಾರ’ದ ಧಣಿಯ ಲೆಕ್ಕಾಚಾರವನ್ನು ಗಂಟೆಗಟ್ಟಲೆ ಚರ್ಚಿಸುವವರು ಗುರುವ ಸುಳ್ಳು ನುಡಿಯಲು ಏಕೆ ಒಪ್ಪಲಿಲ್ಲ ಎಂದು ಅಷ್ಟೇ ಹೊತ್ತು ಚರ್ಚಿಸುವುದುಂಟೇ?

ಪಾಡ್ದನ ಈ ತಪ್ಪು ಮಾಡಲಿಲ್ಲ. ಅಲ್ಲಿ ಅರಸನ ಕಾರಣಕ್ಕೆ ಸಿಗುವುದು ಎರಡು ಮಾತು, ಕಲ್ಕುಡನ ನೋವಿಗೆ ಮತ್ತು ತಂಗಿಯ ಸಿಟ್ಟಿಗೆ ಉಳಿದದ್ದೆಲ್ಲ. ಬಂಟ್ವಾಳ ತಾಲೂಕಿನ ಪಣೋಲಿಬೈಲಿನಲ್ಲಿ ಇಂದಿಗೂ ಜನ ಅಗೇಲು ಸೇವೆ ಕೊಡುವುದು ಕಲ್ಲುರ್ಟಿಗೆ. ಕಳವಾದದ್ದು, ಮೋಸಹೋದದ್ದು, ಯಾರೂ ಕೇಳದ ಅನ್ಯಾಯ, ಎಲ್ಲವನ್ನೂ ಅವಳ ಮುಂದೆ ಹೇಳಿಕೊಳ್ಳುತ್ತಾರೆ. ಭೈರರಸನ ಮನಸ್ಸಿನಲ್ಲಿ ಏನಿತ್ತೆಂದು ವಿಚಾರಿಸಲು ಅಲ್ಲಿಗೆ ಯಾರೂ ಬರುವುದಿಲ್ಲ.

‘ಏಕೆ ಮಾಡಿದ?’ ಎಂಬ ಕುತೂಹಲ ತಪ್ಪಲ್ಲ, ಕಥೆ ಕೇಳುವ ಸುಖವೇ ಅದರಲ್ಲಿದೆ. ಆದರೆ ಕಲ್ಲುರ್ಟಿ ಕೇಳಿದ ಪ್ರಶ್ನೆ ಬೇರೆ: ಅಣ್ಣನ ಕೈಗೆ ಉತ್ತರ ಕೊಡುವವರು ಯಾರು? ಮುಂದಿನ ಸಿನಿಮಾ ನೋಡಿ ಹೊರಬರುವಾಗ ಆ ತಂಗಿಯ ಪ್ರಶ್ನೆಯೂ ಚರ್ಚೆಗೆ ಬರಲಿ.